ಒಪೆರಾ ರೆಕಾರ್ಡಿಂಗ್‌ನಲ್ಲಿ ಕತ್ತಲೆ ದೃಶ್ಯ ಕೆಡದ ಹಾಗೆ ಮಾಡಿದ್ದು

ಒಪೆರಾ ಅಂದರೆ ಹಾಡಿನಲ್ಲೇ ನಡೆಯುವ ನಾಟಕ. ಇಟಲಿಯ ಸಂಗೀತಕಾರ ಪುಚ್ಚೀನಿಯ ‘ಲಾ ಬೊಎಮ್’ ಒಪೆರಾದ ಮೊದಲ ಅಂಕದಲ್ಲಿ ಮಿಮಿಯ ಮೇಣದಬತ್ತಿ ಆರಿಹೋಗುತ್ತದೆ. ಕತ್ತಲಲ್ಲಿ ಅವಳೂ ಕವಿ ರೊಡೊಲ್ಫೊನೂ ಅವಳ ಬೀಗದ ಕೈ ತಡಕಾಡುತ್ತಾರೆ. ಟಿವಿಯಿಂದ ನಾನು ಮಾಡಿಕೊಳ್ಳುವ ರೆಕಾರ್ಡಿಂಗ್ ಕೆಡುತ್ತಿದ್ದದ್ದು ಸರಿಯಾಗಿ ಅಲ್ಲೇ. ಹಿಂದಿನ ಗೋಡೆ ಚೌಕ ಚೌಕವಾಗಿ ಒಡೆದು ಅಲುಗಾಡುತ್ತಿತ್ತು. ಸಬ್‌ಟೈಟಲ್ ಅಕ್ಷರಗಳ ಸುತ್ತ ಸೊಳ್ಳೆ ಮುತ್ತಿದ ಹಾಗೆ ಚುಕ್ಕೆಗಳು.

ನಾನಿರುವ ಅಮೆರಿಕದಲ್ಲಿ ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಒಪೆರಾದ ಪ್ರದರ್ಶನಗಳು ಪಿಬಿಎಸ್ ಎಂಬ ಸಾರ್ವಜನಿಕ ಟಿವಿ ಜಾಲದಲ್ಲಿ ಬರುತ್ತವೆ. 1977ರಲ್ಲಿ ಆ ನೇರಪ್ರಸಾರ ಶುರುವಾದದ್ದೂ ಇದೇ ‘ಲಾ ಬೊಎಮ್’ನಿಂದ, ಹೆಸರಾಂತ ಗಾಯಕ ಪಾವರೊಟ್ಟಿ ಹಾಡಿದ್ದರು. ಇಂಥದ್ದನ್ನು ಚೆನ್ನಾಗಿ ಉಳಿಸಿಕೊಳ್ಳಬೇಕು ಅಂತ ಆಸೆ ಇರುತ್ತದೆ ಅಲ್ವಾ?

ಚಿತ್ರ ಒಡೆದರೆ ತುಂಬ ಜನ ಮೊದಲು ಆಂಟೆನಾ ತಿರುಗಿಸುತ್ತಾರೆ. ಆದರೆ ಸಿಗ್ನಲ್ ಸಾಲದಿದ್ದರೆ ಚಿತ್ರ ಅಲ್ಲಲ್ಲೇ ನಿಲ್ಲುತ್ತದೆ, ಹಾಡೂ ತುಂಡಾಗುತ್ತದೆ. ಹಾಡು ಎಲ್ಲೂ ಕಡಿಯದೆ ಕತ್ತಲೆ ಭಾಗ ಮಾತ್ರ ಒಡೆದರೆ ತೊಂದರೆ ಬಿಟ್‌ರೇಟ್‌ನದು, ಅಂದರೆ ಪ್ರತಿ ಸೆಕೆಂಡಿನ ಚಿತ್ರಕ್ಕೆ ಸಿಗುವ ಡೇಟಾದ್ದು. ಬಿಟ್ ಸಾಲದಾದಾಗ ಕಪ್ಪಿನೊಳಗಿನ ಸಣ್ಣ ಸಣ್ಣ ಛಾಯೆಗಳೆಲ್ಲ ಒಂದೇ ಚೌಕವಾಗಿಬಿಡುತ್ತವೆ.

ಡಿವಿಡಿ ರೆಕಾರ್ಡರ್‌ನಲ್ಲಿ ಇದು ಇನ್ನೂ ಜಾಸ್ತಿ. 4.7 ಜಿಬಿ ಡಿಸ್ಕ್‌ನಲ್ಲಿ ಎಸ್‌ಪಿ (ಸಾಮಾನ್ಯ ಗುಣಮಟ್ಟದ) ಮೋಡ್ ಹಿಡಿಯುವುದು 2 ಗಂಟೆ. ಒಪೆರಾ ಅಷ್ಟರಲ್ಲಿ ಎಲ್ಲಿ ಮುಗಿಯುತ್ತದೆ? ಎಲ್‌ಪಿಗೆ (ಹೆಚ್ಚು ಹೊತ್ತಿನ ಮೋಡ್‌ಗೆ) ಇಳಿಸಿದರೆ 4 ಗಂಟೆ ಸಿಗುತ್ತದೆ, ಬಿಟ್‌ರೇಟ್ ಅರ್ಧವಾಗುತ್ತದೆ. ನಾನು ಎಸ್‌ಪಿ ಬಿಟ್ಟು ಕೆಳಗಿಳಿಯಲಿಲ್ಲ. ಅಂಕ ಮುಗಿದಾಗ ಡಿಸ್ಕ್ ಬದಲಿಸುತ್ತಿದ್ದೆ.

ಅಷ್ಟಾದರೂ ಪೂರ್ತಿ ಸರಿಹೋಗಲಿಲ್ಲ. ಸ್ಟೇಷನ್‌ನವರು ಒಮ್ಮೆ ಕಂಪ್ರೆಸ್ ಮಾಡಿ (ಡೇಟಾ ಕುಗ್ಗಿಸಿ) ಕಳಿಸಿದ ಚಿತ್ರವನ್ನು ರೆಕಾರ್ಡರ್ ಮೊದಲು ಹಿಗ್ಗಿಸಿ, ಮತ್ತೆ ಕಂಪ್ರೆಸ್ ಮಾಡುತ್ತದೆ. ಹಾಳಾಗುವುದು ಈ ಎರಡನೇ ಸಲ. ಹಾಗಾಗಿ ರೆಕಾರ್ಡರ್ ಬಿಟ್ಟು, ಆಂಟೆನಾವನ್ನು ಟ್ಯೂನರ್ ಪೆಟ್ಟಿಗೆಗೆ ಸೇರಿಸಿದೆ. ಅದು ಗಾಳಿಯಲ್ಲಿ ಬಂದ ಎಂಪೆಗ್-2 ಸ್ಟ್ರೀಮನ್ನು (ಸ್ಟೇಷನ್‌ನವರು ಕುಗ್ಗಿಸಿ ಕಳಿಸಿದ ಡೇಟಾವನ್ನು) ಮುಟ್ಟದೆ, ಹಾಗೇ ಹಾರ್ಡ್‌ಡಿಸ್ಕ್‌ಗೆ ಬರೆಯುತ್ತದೆ. ಇಲ್ಲಿ ಒಂದು ಪ್ರಸಾರ ಚಾನೆಲ್‌ನ ಒಟ್ಟು ಮಿತಿ ಸೆಕೆಂಡಿಗೆ 19.39 ಮೆಗಾಬಿಟ್. ಪೂರ್ತಿ ಬಳಸಿದರೆ ಗಂಟೆಗೆ ಸುಮಾರು 8.7 ಜಿಬಿ. ಅದೇ ಸ್ಟೇಷನ್ ಜೊತೆಗೆ ಕಳಿಸುವ ಉಪಚಾನೆಲ್‌ಗಳೂ ಅದರಲ್ಲೇ ಪಾಲು ತೆಗೆದುಕೊಳ್ಳುವುದರಿಂದ ನನ್ನ ಫೈಲು ಅದಕ್ಕಿಂತ ಚಿಕ್ಕದು. ಆ ಪಾಲು ಜಾಸ್ತಿಯಾದ ದಿನ ದೃಶ್ಯ ಬದಲಾಗುವಾಗ ಸ್ವಲ್ಪ ಚೌಕ ಕಾಣುತ್ತದೆ. ಅದಕ್ಕೆ ಮನೆಯಲ್ಲಿ ಮದ್ದಿಲ್ಲ.

ನೋಡುವಾಗಲೂ ಎರಡು ಕೆಲಸ ಇವೆ. 1080ಐ ಪ್ರಸಾರದಲ್ಲಿ ಚಿತ್ರದ ಬೆಸ ಗೆರೆಗಳು ಒಮ್ಮೆ, ಸಮ ಗೆರೆಗಳು ಇನ್ನೊಮ್ಮೆ ಬರುತ್ತವೆ. ಹಾಗಾಗಿ ಗಾಯಕರು ಬೇಗ ಕೈ ಬೀಸಿದರೆ ಅಂಚಿನಲ್ಲಿ ಅಡ್ಡಗೆರೆ ಏಳುತ್ತವೆ. ಕಂಪ್ಯೂಟರಿನ ವಿಎಲ್‌ಸಿ ಪ್ಲೇಯರ್‌ನಲ್ಲಿ ಆ ಗೆರೆಗಳನ್ನು ಹೊಂದಿಸುವ ಡಿಇಂಟರ್‌ಲೇಸ್ ಆನ್ ಮಾಡಿ ‘ಯಾಡಿಫ್ 2ಎಕ್ಸ್’ ಆರಿಸಿದರೆ ಅವು ಹೋಗುತ್ತವೆ. ಟಿವಿಯ ಶಾರ್ಪ್‌ನೆಸ್ ತಗ್ಗಿಸಿ, ಪಿಕ್ಚರ್ ಮೋಡ್ ‘ಸಿನಿಮಾ’ಗೆ ಇಡಿ. ಸಬ್‌ಟೈಟಲ್ ಸುತ್ತಲಿನ ಚುಕ್ಕೆಗಳು ಇದರಿಂದಲೇ ಎಷ್ಟೋ ಕಡಿಮೆಯಾಗುತ್ತವೆ.