ಊರಿನ ಒಳ್ಳೆ ಹುಣಸೆ ಮರವನ್ನು ನಿಮ್ಮ ಹೊಲಕ್ಕೆ ತರುವುದು ಹೇಗೆ?

ಚಳ್ಳಕೆರೆ, ಹಿರಿಯೂರು, ಮೊಳಕಾಲ್ಮುರು ಕಡೆ ಯಾವ ಊರಿಗೆ ಹೋದರೂ ಹೆಸರುವಾಸಿಯಾದ ಒಂದು ಹುಣಸೆ ಮರ ಇದ್ದೇ ಇರುತ್ತದೆ. ‘ಕೆರೆ ಏರಿ ಮರದ್ದು ಒಂದು ಚೂರು ಹಾಕಿದರೆ ಸಾರು ಆಯಿತು’, ‘ಗುಡಿ ಹಿಂದಿನದು ಬರೀ ಬೀಜ’ ಎಂದು ಊರಿಗೆಲ್ಲ ಗೊತ್ತು. ಸರಿ, ಆ ಒಳ್ಳೆ ಮರದ ಬೀಜ ತಂದು ಹೊಲದಲ್ಲಿ ಹಾಕಿದರೆ ಅದೇ ಹಣ್ಣು ಸಿಗುತ್ತದಾ? ಖಾತ್ರಿ ಇಲ್ಲ. ಹುಣಸೆ ಹೂವಿಗೆ ಜೇನು ಮುತ್ತುತ್ತದೆ. ಅಕ್ಕಪಕ್ಕದ ಮರಗಳ ಪರಾಗ ಬೆರೆಯುತ್ತದೆ. ಬೀಜದೊಳಗೆ ಯಾವ ಗುಣ ಕೂತಿದೆ ಅನ್ನುವುದು ಮರ ಕಾಯಿ ಬಿಟ್ಟ ಮೇಲೇ ಗೊತ್ತಾಗುವುದು. ಅದಕ್ಕೆ 8–10 ವರ್ಷ ಕಾಯಬೇಕು.

ಕಸಿ ಮಾಡಿದರೆ, ಅಂದರೆ ಆ ಒಳ್ಳೆ ಮರದ ಕಡ್ಡಿಯನ್ನು ಇನ್ನೊಂದು ಹುಣಸೆ ಸಸಿಯ ಮೇಲೆ ಬೆಸೆದರೆ, ತಾಯಿ ಮರದ ಗುಣ ಹಾಗೇ ಇಳಿದು ಬರುತ್ತದೆ. 4–5 ವರ್ಷಕ್ಕೆ ಕಾಯಿ ಶುರು. ಹುಣಸೆ ಮರ ಮುಪ್ಪಾದರೂ ಹುಳಿ ಮುಪ್ಪೇ ಅನ್ನುತ್ತೇವಲ್ಲ, ಕಸಿ ಬೇಗ ಫಲ ಕೊಡುವುದರ ಗುಟ್ಟೂ ಅಲ್ಲೇ ಇದೆ. ಕಡ್ಡಿ ಎಳೆಯದಾಗಿ ಕಂಡರೂ ಅದು ಆಗಲೇ ಕಾಯಿ ಬಿಟ್ಟು ಪಳಗಿದ ಮರದ ಭಾಗ. ಸಸಿಯ ಹಾಗೆ ಬಾಲ್ಯ ಕಳೆಯುವ ಕೆಲಸ ಅದಕ್ಕಿಲ್ಲ.

ಮೊದಲು ಮರ ಆರಿಸಿ

ಕಸಿಯ ಕೈಚಳಕದ ಬಗ್ಗೆ ಎಲ್ಲರೂ ಕೇಳುತ್ತಾರೆ, ಮರ ಆರಿಸುವ ಬಗ್ಗೆ ಕೇಳುವವರು ಕಮ್ಮಿ. ಕೈ ಪಳಗದಿದ್ದರೆ ಒಂದಷ್ಟು ಗಿಡ ಸಾಯುತ್ತವೆ, ಅಷ್ಟೇ. ಮರದ ಆಯ್ಕೆ ಕೆಟ್ಟರೆ ಎಕರೆಗಟ್ಟಲೆ ಕೆಟ್ಟ ಹುಣಸೆ ಬೆಳೆದು ನಿಲ್ಲುತ್ತದೆ, ಅದೂ ಮೂರು ತಲೆಮಾರಿಗೆ.

ಮರದ ಯಜಮಾನನನ್ನು ಕೇಳಬೇಡಿ, ಅವನಿಗೆ ತನ್ನ ಮರವೇ ಚೆಂದ. ಬೇಸಿಗೆಯಲ್ಲಿ ಕೂಲಿಗೆ ಕೂತು ಹುಣಸೆಹಣ್ಣು ಬಿಡಿಸುವ ಹೆಂಗಸರನ್ನು ಕೇಳಿ. ಓಡು ಸಲೀಸಾಗಿ ಬಿಡುವುದು ಯಾವುದು, ನಾರು ಎಳೆದರೆ ತಿರುಳೂ ಕಿತ್ತು ಬರುವುದು ಯಾವುದು, ಯಾವ ಮರದ ಹಣ್ಣಿನಲ್ಲಿ ಹುಳ ಜಾಸ್ತಿ ಎಂದು ಅವರ ಬೆರಳಿಗೆ ಗೊತ್ತು. ಮರ ಹರಾಜು ಹಿಡಿಯುವ ವ್ಯಾಪಾರಿಗೆ ಇನ್ನೊಂದು ಸಂಗತಿ ಗೊತ್ತಿರುತ್ತದೆ. ಯಾವ ಮರ ವರ್ಷಾ ವರ್ಷ ಕಾಯಿ ಕಚ್ಚುತ್ತದೆ, ಯಾವುದು ವರ್ಷ ಬಿಟ್ಟು ವರ್ಷ ಎಂದು ಅವನು ಲೆಕ್ಕ ಇಟ್ಟಿರುತ್ತಾನೆ. ಈ ಇಬ್ಬರೂ ಒಂದೇ ಮರದ ಹೆಸರು ಹೇಳಿದರೆ ಅರ್ಧ ಕೆಲಸ ಮುಗಿದ ಹಾಗೆ.

ಆಮೇಲೆ ತಕ್ಕಡಿ ಹಿಡಿಯಿರಿ. ಆ ಮರದ 1 ಕಿಲೊ ಒಣಗಿದ ಹಣ್ಣು ತಂದು ಓಡು, ನಾರು, ಬೀಜ ಬೇರೆ ಮಾಡಿ ತಿರುಳನ್ನು ತೂಗಿ. 400 ಗ್ರಾಂ ದಾಟಿದರೆ ಆ ಮರವನ್ನು ಹಿಡಿಯಬಹುದು. 300 ಗ್ರಾಂ ಆಚೀಚೆ ನಿಂತರೆ ಕೈಬಿಡಿ. ಹಣ್ಣು ನೋಡಲು ಉದ್ದ, ದಪ್ಪ ಇದ್ದ ಮಾತ್ರಕ್ಕೆ ತಿರುಳು ಜಾಸ್ತಿ ಅಂತಿಲ್ಲ.

ಊರಲ್ಲಿ ಅಂಥ ಮರವೇ ಇಲ್ಲವೆಂದರೆ ಬಿಡುಗಡೆಯಾದ ತಳಿಗಳಿವೆ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಡಿಟಿಎಸ್-1, ಡಿಟಿಎಸ್-2, ತಮಿಳುನಾಡಿನ ಪೆರಿಯಕುಳಂನಿಂದ ಬಂದ ಪಿಕೆಎಂ-1 ಹೆಸರು ಮಾಡಿದವು. ಹಿರಿಯೂರಿನ ಬಬ್ಬೂರು ಫಾರಂನಲ್ಲಿರುವ ಸಂಶೋಧನಾ ಕೇಂದ್ರದಲ್ಲೋ, ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರದಲ್ಲೋ ನಿಮ್ಮ ಮಣ್ಣಿಗೆ ಯಾವುದು ಹೊಂದುತ್ತದೆ ಎಂದು ವಿಚಾರಿಸಿ. ನನ್ನ ಕೇಳಿದರೆ, ಇಲ್ಲಿನ ಬಿಸಿಲು, ಗಾಳಿ, ಬರ ಎಲ್ಲ ತಿಂದು ನಿಂತ ನಮ್ಮೂರ ಮರಕ್ಕೇ ನನ್ನ ಓಟು.

ಒಂದು ಮಾತು. ರಸ್ತೆ ಬದಿಯ ಮರ ಯಾರಪ್ಪನದೂ ಅಲ್ಲ ಎಂದುಕೊಂಡು ಕೊಂಬೆಗೆ ಕತ್ತಿ ಹಾಕಬೇಡಿ. ಅದಕ್ಕೊಂದು ಇಲಾಖೆಯೋ ಪಂಚಾಯಿತಿಯೋ ಇರುತ್ತದೆ. ಕೇಳಿಯೇ ಕಡ್ಡಿ ತೆಗೆಯಿರಿ.

ಬೇರಿನ ಸಸಿ

ಕಡ್ಡಿಯನ್ನು ಕೂರಿಸುವುದು ಈ ಸಸಿಯ ಮೇಲೆ. ಇದಕ್ಕೆ ಯಾವ ಹುಣಸೆ ಮರದ ಬೀಜವಾದರೂ ನಡೆಯುತ್ತದೆ. ಬೀಜ ಗಟ್ಟಿಯಾಗಿ, ಹುಳ ಹಿಡಿಯದೆ ಇರಬೇಕು. ಒಂದು ದಿನ ನೀರಲ್ಲಿ ನೆನೆಸಿ, ತೇಲಿದ್ದನ್ನು ಚೆಲ್ಲಿ. ಕೆಂಪು ಮಣ್ಣು, ಮರಳು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ ಉದ್ದನೆಯ ಪಾಲಿಥೀನ್ ಚೀಲಕ್ಕೆ ತುಂಬಿ. ಚೀಲ ಗಿಡ್ಡ ಇದ್ದರೆ ತಾಯಿ ಬೇರು ತಳ ಮುಟ್ಟಿ ಸುತ್ತಿಕೊಳ್ಳುತ್ತದೆ. ಹಾಗೆ ಸುತ್ತಿದ ಬೇರು ಹೊಲಕ್ಕೆ ಹೋದ ಮೇಲೂ ಆಳಕ್ಕೆ ಇಳಿಯಲು ಒದ್ದಾಡುತ್ತದೆ. ಬೀಜವನ್ನು ಒಂದು ಬೆರಳ ಗೆಣ್ಣಿನಷ್ಟು ಆಳಕ್ಕೆ ಊರಿದರೆ ಸಾಕು, ಒಂದೆರಡು ವಾರದಲ್ಲಿ ಮೊಳಕೆ ಬರುತ್ತದೆ. ತಿಂಗಳಿಗೊಮ್ಮೆಯಾದರೂ ಚೀಲ ಎತ್ತಿ ಜಾಗ ಬದಲಿಸಿ, ಇಲ್ಲದಿದ್ದರೆ ಬೇರು ಚೀಲ ತೂರಿಕೊಂಡು ನೆಲ ಹಿಡಿಯುತ್ತದೆ.

ಹೆಚ್ಚುಕಡಿಮೆ ಒಂದು ವರ್ಷಕ್ಕೆ ಕಾಂಡ ಪೆನ್ಸಿಲ್ ದಪ್ಪ ಆಗುತ್ತದೆ. ಆಗ ಅದು ಕಸಿಗೆ ತಯಾರು.

ಕಡ್ಡಿ ತಯಾರಿ

ಕಸಿಗೆ ನಮ್ಮ ಕಡೆ ಜೂನ್–ಜುಲೈ ಒಳ್ಳೆಯ ಕಾಲ. ಮಾರ್ಚ್–ಏಪ್ರಿಲ್‌ನಲ್ಲಿ ಬಂದ ಚಿಗುರು ಅಷ್ಟು ಹೊತ್ತಿಗೆ ಹದವಾಗಿ ಬಲಿತಿರುತ್ತದೆ, ಗಾಳಿಯಲ್ಲೂ ಸ್ವಲ್ಪ ತೇವ ಇರುತ್ತದೆ. ತುಂಬಾ ಹಳೆಯ ಮರದಲ್ಲಿ ಹೊಸ ಚಿಗುರೇ ಸರಿಯಾಗಿ ಸಿಗುವುದಿಲ್ಲ. ಹಾಗಿದ್ದರೆ ಹಣ್ಣು ಉದುರಿಸಿದ ಕೂಡಲೇ ಒಂದೆರಡು ಸಣ್ಣ ಕೊಂಬೆಗಳ ತುದಿ ಸವರಿಬಿಡಿ. ಅಲ್ಲಿಂದ ದಷ್ಟಪುಷ್ಟ ಚಿಗುರು ಬರುತ್ತದೆ.

ಬಿಸಿಲಿಗೆ ಮೈಯೊಡ್ಡಿದ ಹೊರಗಿನ ಕೊಂಬೆಯಲ್ಲಿ ಕಡ್ಡಿ ಗುರುತು ಮಾಡಿಕೊಳ್ಳಿ. ಕಸಿ ಮಾಡುವ 8–10 ದಿನ ಮೊದಲು ಅದರ ಎಲೆಗಳನ್ನು ತೊಟ್ಟು ಬಿಟ್ಟು ಕತ್ತರಿಸಬೇಕು. ಕಡ್ಡಿಯನ್ನು ಮಾತ್ರ ಮರದಲ್ಲೇ ಬಿಡಿ. ಎಲೆ ಹೋದ ಮೇಲೆ ಚಿಗುರೊಡೆಯುವ ಕಣ್ಣುಗಳು ಉಬ್ಬಲು ಶುರುವಾಗುತ್ತವೆ. ತೊಟ್ಟು ಮುಟ್ಟಿದರೆ ತಾನಾಗಿ ಉದುರಿತು, ಕಣ್ಣು ಉಬ್ಬಿದೆ, ಆದರೆ ಇನ್ನೂ ಒಡೆದಿಲ್ಲ ಅನ್ನುವಾಗ ಕಡ್ಡಿ ಪಕ್ಕಾ ಹದಕ್ಕೆ ಬಂದಿದೆ. ಬೆಳಗ್ಗೆ ತಂಪು ಹೊತ್ತಲ್ಲಿ ಗೇಣುದ್ದ ಕತ್ತರಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿ ತನ್ನಿ. ಅವತ್ತೇ ಬಳಸಿಬಿಡುವುದು ಕ್ಷೇಮ.

ಕಸಿ ಕಟ್ಟುವುದು

ಹರಿತವಾದ ಚಾಕು ಬೇಕು. ಮೊಂಡು ಚಾಕು ಕೊಯ್ಯುವುದಿಲ್ಲ, ಜಜ್ಜುತ್ತದೆ. ಜಜ್ಜಿದ ಕಡೆ ಗಾಯ ಕೂಡುವುದಿಲ್ಲ. ಚಾಕುವನ್ನು ಸ್ಪಿರಿಟ್‌ನಲ್ಲಿ ಒರೆಸಿಕೊಳ್ಳಿ.

ಸಸಿಯನ್ನು ಬುಡದಿಂದ ಗೇಣೆತ್ತರದಲ್ಲಿ, ಕಾಂಡ ಇನ್ನೂ ಹಸಿರು ಕಂದು ಬೆರೆತು ಮೆತ್ತಗಿರುವ ಕಡೆ ಅಡ್ಡ ಕತ್ತರಿಸಿ. ಕೆಳಗೆ ನಾಲ್ಕಾರು ಎಲೆ ಉಳಿಯಲಿ, ಬೇರಿಗೆ ಊಟ ಅವುಗಳದ್ದೇ. ಕತ್ತರಿಸಿದ ತಲೆಯ ನಟ್ಟನಡುವೆ 3–4 ಸೆಂ.ಮೀ. ಆಳಕ್ಕೆ ಸೀಳಿ. ಈಗ ಕಡ್ಡಿಯ ಬುಡವನ್ನು ಎರಡೂ ಕಡೆ ಓರೆಯಾಗಿ ಅಷ್ಟೇ ಉದ್ದಕ್ಕೆ ಹೆರೆದು ಬೆಣೆ ಮಾಡಿ. ಒಂದೊಂದು ಕಡೆಗೂ ಒಂದೇ ಎಳೆತ. ಪದೇಪದೇ ಹೆರೆದರೆ ಮೈ ಏರುಪೇರಾಗಿ ನಡುವೆ ಗಾಳಿ ಕೂರುತ್ತದೆ. ಹೆರೆದ ಜಾಗಕ್ಕೆ ಬೆರಳು ತಾಗಿಸಬೇಡಿ. ಬೆಣೆಯನ್ನು ಸೀಳಿಗೆ ಇಳಿಸಿ.

ಕಸಿ ಗೆಲ್ಲುವುದು, ಸೋಲುವುದು ಇಲ್ಲೇ. ತೊಗಟೆಗೂ ಒಳಗಿನ ಕಟ್ಟಿಗೆಗೂ ನಡುವೆ ತೆಳ್ಳಗೆ ಹಸಿರು ಪೊರೆಯೊಂದಿದೆ. ಹೊಸದಾಗಿ ಬೆಳೆಯುವುದು ಆ ಪೊರೆಯೊಂದೇ. ಸಸಿಯ ಪೊರೆ, ಕಡ್ಡಿಯ ಪೊರೆ ಒಂದಕ್ಕೊಂದು ತಾಗಿದರೆ ಮಾತ್ರ ಎರಡೂ ಬೆಸೆಯುತ್ತವೆ. ಎರಡರ ದಪ್ಪ ಒಂದೇ ಆಗಿದ್ದರೆ ಎರಡೂ ಬದಿ ತಾಗುತ್ತದೆ. ಹುಣಸೆ ಕಡ್ಡಿ ಸಾಮಾನ್ಯವಾಗಿ ಸಣ್ಣ. ಹಾಗಾದಾಗ ಕಡ್ಡಿಯನ್ನು ಸುಮ್ನೆ ನಡುವೆ ಇಡಬೇಡಿ, ಒಂದು ಬದಿಗೆ ಸರಿಸಿ ಆ ಕಡೆಯ ತೊಗಟೆಗಳನ್ನಾದರೂ ಸರಿ ಹೊಂದಿಸಿ. ಬೆರಳಲ್ಲಿ ಸವರಿದರೆ ಆ ಬದಿಯಲ್ಲಿ ಮೆಟ್ಟಿಲು ತಗಲಬಾರದು.

ಎರಡು ಸೆಂ.ಮೀ. ಅಗಲದ ಪಾಲಿಥೀನ್ ಪಟ್ಟಿಯಿಂದ ಕೆಳಗಿನಿಂದ ಮೇಲಕ್ಕೆ ಬಿಗಿಯಾಗಿ ಸುತ್ತಿ ಗಂಟು ಹಾಕಿ. ಮೇಲಿನಿಂದ ಒಂದು ಐಸ್ ಕ್ಯಾಂಡಿ ಕವರ್ ತೊಡಿಸಿ ಕಸಿಯ ಕೆಳಗೆ ಕಟ್ಟಿ. ಒಳಗೆ ತೇವ ಉಳಿಯುತ್ತದೆ, ಕಡ್ಡಿ ಒಣಗುವುದಿಲ್ಲ. ಕವರ್ ತೊಡಿಸುವುದನ್ನು ಚಿತ್ರದುರ್ಗದ ಕಡೆಯವರು ತಪ್ಪಿಸಲೇಬಾರದು. ಗುಡ್ಡದ ಮೇಲೆ ಗಾಳಿಯಂತ್ರಗಳು ಗಿರಗಿರ ತಿರುಗುವುದೂ ಇದೇ ತಿಂಗಳುಗಳಲ್ಲಿ ಅಲ್ವಾ? ಆ ಗಾಳಿಗೆ ಬರೀ ಕಡ್ಡಿ ಎರಡು ದಿನ ತಡೆಯುವುದಿಲ್ಲ. ಗಿಡಗಳನ್ನು ಗಾಳಿ ಮರೆಯಲ್ಲಿ, ಶೇಡ್ ನೆಟ್ ಕೆಳಗೆ ಇಡಿ. ಮಣ್ಣು ಒಣಗದಷ್ಟು ನೀರು ಕೊಟ್ಟರೆ ಸಾಕು.

ಎರಡು ಮೂರು ವಾರದಲ್ಲಿ ಕವರ್ ಒಳಗೆ ಚಿಗುರು ಕಾಣುತ್ತದೆ. ಖುಷಿಯಾಗಿ ಮಧ್ಯಾಹ್ನವೇ ಬಿಚ್ಚಬೇಡಿ. ಚಿಗುರು ಸ್ವಲ್ಪ ಬಿರಿದ ಮೇಲೆ, ಒಂದು ಸಂಜೆ ತೆಗೆಯಿರಿ. ಪಾಲಿಥೀನ್ ಪಟ್ಟಿ ಮಾತ್ರ ಎರಡು ಮೂರು ತಿಂಗಳು ಇರಲಿ. ಆಮೇಲೆ ಮರೆಯದೆ ಬಿಚ್ಚಿ, ಇಲ್ಲದಿದ್ದರೆ ಕಾಂಡ ದಪ್ಪವಾದಂತೆ ಅದೇ ಕೊರಳು ಕೊಯ್ಯುತ್ತದೆ.

ಕಸಿಯ ಕೆಳಗೆ ಬರುವ ಚಿಗುರನ್ನು ಕಂಡ ಕಂಡಾಗ ಚಿವುಟಬೇಕು. ಇದು ಬೇರಿನ ಸಸಿಯದ್ದು, ಬೆಳೆಯಲು ಬಿಟ್ಟರೆ ಮೇಲಿನ ಕಡ್ಡಿಯನ್ನು ಸೊರಗಿಸುತ್ತದೆ. ಎರಡರ ಎಲೆಯೂ ಒಂದೇ ಥರ ಇರುವುದರಿಂದ ಆಮೇಲೆ ಗುರುತು ಹಿಡಿಯುವುದು ಕಷ್ಟ. ನರ್ಸರಿಯಲ್ಲಿ ಗಿಡ ಕೊಳ್ಳುವಾಗಲೂ ಅಷ್ಟೇ. ಬಗ್ಗಿ ಬುಡ ನೋಡಿ, ಕಸಿ ಗಾಯದ ಗುರುತಿನ ಮೇಲಿನಿಂದಲೇ ಚಿಗುರು ಬಂದಿದೆಯಾ ಎಂದು ಖಾತ್ರಿ ಮಾಡಿಕೊಂಡು ದುಡ್ಡು ಕೊಡಿ.

ಬೇರೆ ದಾರಿಗಳು

ಗೂಟಿ ಕಟ್ಟಬಹುದು, ಅಂದರೆ ಕೊಂಬೆಯ ತೊಗಟೆ ಸುಲಿದು ಮರದಲ್ಲೇ ಬೇರು ಬರಿಸಬಹುದು, ಆದರೆ ಹುಣಸೆಯಲ್ಲಿ ಬೇರು ಬರುವುದು ಕಷ್ಟ. ಬಂದರೂ ತಾಯಿ ಬೇರು ಇರುವುದಿಲ್ಲ. ಬಯಲಲ್ಲಿ ಗಾಳಿಗೆ ನಿಲ್ಲಬೇಕಾದ ಮರಕ್ಕೆ ಅದು ಬೇಡ. ಸಸಿಯ ಚೀಲವನ್ನು ಕೊಂಬೆಯ ಹತ್ತಿರವೇ ಕಟ್ಟಿ ಎರಡನ್ನೂ ಬೆಸೆಯುವ ಸಾಮೀಪ್ಯ ಕಸಿ ಚೆನ್ನಾಗಿ ಹತ್ತುತ್ತದೆ. ಎತ್ತರದ ಹುಣಸೆ ಮರಕ್ಕೆ ಅಟ್ಟ ಕಟ್ಟಿ ದಿನಾ ನೀರು ಹಾಕುವ ತಾಳ್ಮೆ ಇದ್ದವರು ಮಾಡಲಿ.

ನೀರಿಲ್ಲದ ಹೊಲಕ್ಕೆ ನಾನು ಹೇಳುವುದು ಇದು: ಮಳೆಗಾಲದಲ್ಲಿ ಬೇರಿನ ಸಸಿಯನ್ನೇ ಹೊಲದಲ್ಲಿ ನೆಟ್ಟುಬಿಡಿ. ಸಾಲಿಂದ ಸಾಲಿಗೆ, ಗಿಡದಿಂದ ಗಿಡಕ್ಕೆ 10 ಮೀಟರ್ ಬಿಟ್ಟರೆ ಎಕರೆಗೆ 40 ಗಿಡ. ಒಂದು ವರ್ಷ ಬೇರು ಇಳಿಯಲಿ, ಮುಂದಿನ ಜೂನ್‌ನಲ್ಲಿ ನಿಂತಲ್ಲೇ ಕಸಿ ಕಟ್ಟಿ. ವರ್ಷಕ್ಕೆ 500 ಮಿ.ಮೀ. ಆಸುಪಾಸು ಮಳೆ ಕಾಣುವ ನೆಲದಲ್ಲಿ ಆಳಕ್ಕೆ ಇಳಿದ ಬೇರೇ ಗಿಡವನ್ನು ಉಳಿಸುವುದು.

ಹೊಲದಲ್ಲಿ ಆಗಲೇ ನಿಂತಿರುವ ಕಳಪೆ ಮರವನ್ನೂ ಬದಲಾಯಿಸಬಹುದು. ಫೆಬ್ರವರಿ–ಮಾರ್ಚ್‌ನಲ್ಲಿ ಕೊಂಬೆ ಕಡಿದು, ಗಾಯಕ್ಕೆ ಬೋರ್ಡೋ ಮುಲಾಮು (ಮೈಲುತುತ್ತ, ಸುಣ್ಣ ಕಲಸಿದ್ದು) ಹಚ್ಚಿ. ಬಂದ ಚಿಗುರಲ್ಲಿ ಗಟ್ಟಿಮುಟ್ಟಾದ ಐದಾರನ್ನು ಉಳಿಸಿಕೊಂಡು ಮಳೆಗಾಲಕ್ಕೆ ಅವುಗಳ ಮೇಲೆ ಕಸಿ ಮಾಡಿ. ಎಲ್ಲ ಕೊಂಬೆ ಒಂದೇ ಸಲ ಕಡಿಯಬೇಡಿ. ಹೊಸ ಕಸಿ ಹತ್ತುವ ತನಕ ಮರ ಸಾಕಲು ಒಂದು ಕೊಂಬೆ ಬೇಕು.

ಕಸಿ ಗಿಡಕ್ಕೆ ಮೊದಲ ಎರಡು ವರ್ಷ ಹೂ ಬಂದರೆ ಚಿವುಟಿ. ಕೋಲು ನೆಟ್ಟು ಕಟ್ಟಿ. ಮುಳ್ಳು ಬೇಲಿ ಹಾಕುವುದನ್ನು ಮುಂದಕ್ಕೆ ಹಾಕಬೇಡಿ, ಮೇಕೆಗೆ ಹುಣಸೆ ಚಿಗುರೆಂದರೆ ಪಂಚಪ್ರಾಣ. ಅಕಸ್ಮಾತ್ ಕಸಿಯ ಕೆಳಗಿನವರೆಗೂ ತಿಂದು ಹೋದರೆ ಗಿಡ ಕೀಳಬೇಡಿ. ಬುಡದಿಂದ ಮತ್ತೆ ಚಿಗುರುತ್ತದೆ. ಅದರಲ್ಲಿ ನೆಟ್ಟಗಿರುವ ಒಂದನ್ನು ಉಳಿಸಿ, ಮುಂದಿನ ಜೂನ್‌ನಲ್ಲಿ ಮತ್ತೆ ಕಸಿ ಕಟ್ಟಿ.