ಶೋರಾಪುರದ ಫೈಲು, ಸೋಲಾಪುರದ ನಕಲು: ದಫ್ತರಗಳಲ್ಲಿ ನಮ್ಮೂರನ್ನು ಹುಡುಕಿದ ನನ್ನ ಅನುಭವ

ನಮ್ಮೂರ ಕೆರೆಯನ್ನು ಇಂಗ್ಲಿಷ್ ಅಧಿಕಾರಿ ಟೇಲರ್ ಸಾಹೇಬ ಕಟ್ಟಿಸಿದನೆಂಬ ಮಾತನ್ನು ಅಜ್ಜನ ಬಾಯಿಂದ ಕೇಳುತ್ತಲೇ ಬೆಳೆದವನು ನಾನು. ಊರು ಸುರಪುರಕ್ಕೆ ಹತ್ತಿರ. ಈ ಮಾತಿಗೆ ಕಾಗದದ ಆಧಾರ ಹುಡುಕುತ್ತೇನೆಂದು ಸುಮಾರು 6 ವರ್ಷಗಳ ಹಿಂದೆ ಹೊರಟಾಗ, ಸಂಶೋಧನೆಯಲ್ಲಿ ಪಳಗಿದ ಮಿತ್ರರೊಬ್ಬರು "ಸರ, ಲಂಡನ್ನಿಗೆ ಹೋಗ್ಲಾರ್ದ ಇದು ಆಗಂಗಿಲ್ರೀ" ಎಂದಿದ್ದರು. ಕಳೆದ ದೀಪಾವಳಿಗೆ ಕಾಗದ ಸಿಕ್ಕಿತು. ಲಂಡನ್ನಿಗೆ ಹೋಗಲಿಲ್ಲ. ಹೈದರಾಬಾದಿಗೆ 14 ಅಥವಾ 15 ಸಲ, ದೆಹಲಿಗೆ ಒಂದು ಸಲ ಹೋದೆ. ಒಟ್ಟು ಖರ್ಚು 70 ಸಾವಿರದ ಆಸುಪಾಸು. ಅದರಲ್ಲಿ ಮೂರರಲ್ಲೊಂದು ಪಾಲು ನನ್ನ ತಪ್ಪುಗಳಿಗೆ ತೆತ್ತ ದಂಡ.

ಸುರಪುರದ ಕಾಗದಗಳು ಒಂದೆಡೆ ಏಕೆ ಸಿಗುವುದಿಲ್ಲವೆಂಬುದು ಈ ದಾರಿಯಲ್ಲಿರುವವರಿಗೆ ಗೊತ್ತೇ ಇದೆ. ಮೆಡೋಸ್ ಟೇಲರ್ 1841ರಿಂದ 1853ರವರೆಗೆ ಏಜೆಂಟನಾಗಿ ಸುರಪುರ ಸಂಸ್ಥಾನವನ್ನು ನೋಡಿಕೊಂಡದ್ದು, ನಿಜಾಮರ ದರಬಾರಿನಲ್ಲಿ ಇಂಗ್ಲಿಷರ ಪ್ರತಿನಿಧಿಯಾಗಿದ್ದ ಹೈದರಾಬಾದಿನ ರೆಸಿಡೆಂಟರ ಕೈಕೆಳಗೆ. ಹಾಗಾಗಿ ಆ ಕಾಲದ ಪತ್ರವ್ಯವಹಾರಕ್ಕೆ 'ಹೈದರಾಬಾದ್' ಎಂಬ ತಲೆಬರಹವೇ ಇರುತ್ತದೆ. 1858ರ ಫೆಬ್ರವರಿಯಲ್ಲಿ ರಾಜಾ ವೆಂಕಟಪ್ಪ ನಾಯಕರ ದಂಗೆಯನ್ನು ಅಡಗಿಸಿದ ಮೇಲೆ ಎರಡು ವರ್ಷ ನೇರವಾಗಿ ಇಂಗ್ಲಿಷರ ಆಡಳಿತ ನಡೆಯಿತು, ಆಗಲೂ ಇಲ್ಲಿಗೆ ಬಂದವನು ಟೇಲರನೇ. 1860ರ ಒಪ್ಪಂದದಲ್ಲಿ ಸೀಮೆ ನಿಜಾಮರ ಪಾಲಾಯಿತು. ಅಲ್ಲಿಂದ ಮುಂದಿನದೆಲ್ಲ ನಿಜಾಮರ ದಫ್ತರ, ಮೊದಲು ಪಾರಸಿ, ಆಮೇಲೆ ಉರ್ದು. ಒಂದೇ ಊರಿನ ಇಪ್ಪತ್ತು ವರ್ಷದ ಕತೆ ಹೀಗೆ ಮೂರು ಮನೆಗಳಲ್ಲಿ ಹಂಚಿಹೋಗಿದೆ.

ನನ್ನ ಮೊದಲ ಸೋಲು ಸೋಲಾಪುರದಿಂದಲೇ ಬಂತು. ಇಂಗ್ಲಿಷರು ಸುರಪುರವನ್ನು ಶೋರಾಪುರ ಎಂದು ಬರೆಯುತ್ತಿದ್ದರು. ಕೈಬರಹದ ಸೂಚಿಯಲ್ಲಿ 'ರ' ಮತ್ತು 'ಲ' ಸೂಚಿಸುವ ಇಂಗ್ಲಿಷ್ ಅಕ್ಷರಗಳನ್ನು ಬೇರ್ಪಡಿಸುವುದು ಎಷ್ಟು ಕಷ್ಟವೆಂದು ತಿಳಿಯದೆ, ಅವಸರದಲ್ಲಿ 60 ಪುಟಗಳ ನಕಲಿಗೆ ಹಣ ಕಟ್ಟಿ ತರಿಸಿಕೊಂಡೆ. ಬಂದದ್ದು ಸೋಲಾಪುರದ ಕಾಗದಗಳು. ತಪ್ಪು ನನ್ನ ಕಣ್ಣಿನದು, ಯಾರನ್ನೂ ದೂರುವ ಹಾಗಿರಲಿಲ್ಲ. ಇದೇ ಜಾತಿಯ ಇನ್ನೊಂದು ಗುಂಡಿ 'ಬೇಡರ್' ಎಂಬ ಶಬ್ದದಲ್ಲಿದೆ: ಸುರಪುರವನ್ನಾಳಿದ ಬೇಡ ನಾಯಕರ ಮಾಹಿತಿಗಾಗಿ ಹುಡುಕಿದರೆ ಬೀದರ್ ಪಟ್ಟಣದ ಕಡತಗಳು ಸಾಲುಗಟ್ಟಿ ನಿಲ್ಲುತ್ತವೆ, ಏಕೆಂದರೆ ಆ ಗುಮಾಸ್ತರು ಎರಡನ್ನೂ ಹೆಚ್ಚುಕಡಿಮೆ ಒಂದೇ ರೀತಿ ಬರೆದಿಟ್ಟಿದ್ದಾರೆ.

ಆಗ ನಾನು ಊರ ಹೆಸರುಗಳನ್ನು ಪುಸ್ತಕದಂತೆ ಬರೆಯುವುದನ್ನು ಬಿಟ್ಟು, ಕನ್ನಡ ಬಾರದ ಕಿವಿಗೆ ಅವು ಹೇಗೆ ಕೇಳಿಸಿದ್ದಾವೆಂದು ಊಹಿಸಿ ಬರೆಯತೊಡಗಿದೆ. ನಮ್ಮ ಹಿರಿಯರಿಂದ ಹೆಸರುಗಳನ್ನು ಹೇಳಿಸಿ ಮೊಬೈಲಿನಲ್ಲಿ ಧ್ವನಿ ಮುದ್ರಿಸಿಕೊಂಡು, ಬೇರೆ ರಾಜ್ಯದ ಗೆಳೆಯನೊಬ್ಬನಿಗೆ ಕಳಿಸಿ, ಕೇಳಿದಂತೆ ಇಂಗ್ಲಿಷಿನಲ್ಲಿ ಬರೆದುಕೊಡಲು ಹೇಳಿದೆ. ನಕ್ಕವರು ಬಹಳ. ಆದರೆ ಹೀಗೆ ಬಂದ ಸುಮಾರು 40 ರೂಪಗಳಲ್ಲಿ 7 ರೂಪಗಳು ಸೂಚಿಗಳಲ್ಲಿ ಯಥಾವತ್ತಾಗಿ ಸಿಕ್ಕವು. ರಾಷ್ಟ್ರೀಯ ಅಭಿಲೇಖಾಗಾರದ 'ಅಭಿಲೇಖ ಪಟಲ್' ಜಾಲತಾಣದಲ್ಲಿ ಸುರಪುರದ ಮನೆಯಲ್ಲಿಯೇ ಕುಳಿತು, ರಾತ್ರಿ ಊಟವಾದ ಮೇಲೆ ಈ ರೂಪಗಳನ್ನು ಒಂದೊಂದಾಗಿ ಹಾಕಿ ನೋಡುವುದು ನನಗೆ ಚಟವೇ ಆಯಿತು. ಪೂರ್ತಿ ಪಟ್ಟಿಯನ್ನು ಇಲ್ಲಿ ಕೊಡುವುದಿಲ್ಲ. ಊರ ಹೆಸರಿನ ಜೊತೆ ಇನ್ನಾವ ಶಬ್ದವನ್ನು ಸೇರಿಸಿದರೆ ಕಸ ಕಡಿಮೆಯಾಗುತ್ತದೆಂಬುದನ್ನೂ ಸದ್ಯಕ್ಕೆ ಇಟ್ಟುಕೊಂಡಿದ್ದೇನೆ.

ಎರಡನೆಯ ಸೋಲು ಇದಕ್ಕಿಂತ ದುಬಾರಿಯಾಯಿತು. ಕೆರೆಯ ನೀರು ನೋಡಿಕೊಳ್ಳುವ ಊರ ನೀರಗಂಟಿಯವರ ಮನೆಯಲ್ಲಿ ಪಾರಸಿಯ ಒಂದು ಇನಾಮು ಕಾಗದ, ಎಂದರೆ ಸೇವೆಗಾಗಿ ಕೊಟ್ಟ ಭೂಮಿಯ ಕಾಗದವಿದೆ. ಅದರಲ್ಲಿ ಓದಲು ಬರುತ್ತಿದ್ದದ್ದು 1274 ಎಂಬ ಇಸವಿ ಮಾತ್ರ. ನಮ್ಮ ಕಡೆಯ ರೂಢಿಯಂತೆ ನಾನದನ್ನು ಕಂದಾಯದ ಲೆಕ್ಕದ ಫಸಲಿ ಶಕೆ ಎಂದೇ ಭಾವಿಸಿ, 590 ಕೂಡಿಸಿ 1864 ಎಂದು ಲೆಕ್ಕ ಹಾಕಿದೆ. ಅದು ನಿಜಾಮರ ಕಾಲವಾದ್ದರಿಂದ ಯಾದಗಿರಿಯಲ್ಲಿ ರೈಲು ಹತ್ತಿ, ಹೈದರಾಬಾದಿನ ತಾರ್ನಾಕಾದಲ್ಲಿರುವ ತೆಲಂಗಾಣ ರಾಜ್ಯ ಪತ್ರಾಗಾರಕ್ಕೆ ಎಂಟು ತಿಂಗಳು ಅಲೆದೆ. ಪಾರಸಿಯ ಗೀಚುಬರಹವಾದ ಶಿಕಸ್ತಾ ಲಿಪಿ ಓದುತ್ತೇನೆಂದವರೊಬ್ಬರಿಗೆ ಕೊಟ್ಟ 12 ಸಾವಿರವೂ ನೀರಿಗೆ ಬಿತ್ತು. ಅವರು ಓದಿದ್ದಕ್ಕಿಂತ ಊಹಿಸಿದ್ದು ಹೆಚ್ಚು. ಕೊನೆಗೆ ಕಲಬುರಗಿಯ ನಿವೃತ್ತ ಉರ್ದು ಶಿಕ್ಷಕರೊಬ್ಬರು ಮೂಲ ಕಾಗದವನ್ನು ಬೆಳಕಿಗೆ ಹಿಡಿದು, "ಮಾಸ್ತರ್ ಸಾಬ್, ಇದು ಫಸಲಿ ಅಲ್ಲ, ಹಿಜರಿ" ಎಂದರು. ಮುಸ್ಲಿಮರ ಚಾಂದ್ರಮಾನ ಶಕೆಯಾದ ಹಿಜರಿಯ 1274 ಎಂದರೆ 1857-58. ಏಳು ವರ್ಷ ಆಚೆ ಅಗೆದಿದ್ದೆ! ಅವರು ಒಂದು ಕಪ್ ಚಹಾ ಬಿಟ್ಟು ಬೇರೇನೂ ತೆಗೆದುಕೊಳ್ಳಲಿಲ್ಲ.

ಈ ನಡುವೆ ಹುರುಪು ಇಳಿದಿದ್ದಾಗ ಎರಡು ಅಡ್ಡದಾರಿ ಹಿಡಿದೆ. ಕಲಬುರಗಿಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ದಂಗೆಯ ಕಾಲದ ವಸ್ತುಗಳೇನಾದರೂ ಕಂಡಾವೆಂದು ಹೋದವನು, ಹಳೆಯ ಗುಮ್ಮಟಗಳ ತಂಪಿನಲ್ಲಿ ಸನ್ನತಿಯ ಬೌದ್ಧ ಶಿಲ್ಪಗಳನ್ನು ನೋಡಿ ತೃಪ್ತನಾಗಿ ಬಂದೆ. ನನ್ನ ಕೆಲಸಕ್ಕೆ ಏನೂ ಒದಗಲಿಲ್ಲ. ರಾಜನಕೋಳೂರು ಮಾತ್ರ ಒದಗಿತು. ಅಲ್ಲಿಯ ಕಲ್ಲುಚಪ್ಪಡಿಯ ಗೋರಿಗಳನ್ನು ಟೇಲರ್ ಅಳೆದು ಪ್ರಕಟಿಸಿದ್ದಾನೆ. ಅವನ ಲೇಖನದ ಪ್ರತಿ ಹಿಡಿದು, ಇಬ್ಬರು ವಿದ್ಯಾರ್ಥಿಗಳನ್ನೂ ಒಂದು ಟೇಪನ್ನೂ ಕರೆದೊಯ್ದು ಒಂದಿಡೀ ದಿನ ಅಳೆದೆ. ನಾವು ಅಳೆದಷ್ಟರಲ್ಲಿ ಗೇಣಿಗಿಂತ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಅಳತೆಗಿಂತ ನನಗೆ ಬೇಕಾದದ್ದು ಹೆಸರಿನಲ್ಲಿತ್ತು: ಊರವರು ಮೋರೇರ ಮನೆ ಎನ್ನುವುದನ್ನು ಅವನು 'ಮೋರಿ ಮುನ್ನಿ' ಎಂದು ಬರೆದಿದ್ದಾನೆ. ನಮ್ಮ 'ಮನೆ' ಆ ಕಿವಿಯಲ್ಲಿ 'ಮುನ್ನಿ' ಆಗುತ್ತದೆಂದು ತಿಳಿದ ಮೇಲೆ ಪಟ್ಟಿಗೆ ಇನ್ನೂ ಐದಾರು ರೂಪಗಳು ಸೇರಿದವು. ನಮ್ಮೂರ ಹೆಸರು ಕೊನೆಗೆ ಸಿಕ್ಕದ್ದು ಆ ಐದಾರರಲ್ಲೇ.

ಇಸವಿ ಸರಿಯಾಯಿತು, ಹೆಸರೂ ಸರಿಯಾಯಿತು. 1858ರಿಂದ 1860ರ ಎರಡು ವರ್ಷಗಳಿಗೆ ಸೀಮಿತವಾಗಿ ಹುಡುಕಿದಾಗ ಮೂರು ವಾರದಲ್ಲಿ ಫಲ ಕಂಡಿತು. ಜಾಲತಾಣದಲ್ಲಿ ಸೂಚಿ ಮಾತ್ರ ಇದ್ದ ಕಡತವೊಂದಕ್ಕಾಗಿ ದೆಹಲಿಗೆ ಹೋದೆ. ಇನಾಮುಗಳ ಪಟ್ಟಿಯೊಂದರಲ್ಲಿ ನಮ್ಮೂರಿನ ಬಗ್ಗೆ ಎರಡೂವರೆ ಸಾಲು ಇದೆ. ನೀರಗಂಟಿಗೆ ಭೂಮಿ ನಡೆಯುತ್ತಿರುವುದು ಕೆರೆಯ ಏರಿಯನ್ನು ಕಾಯುವುದಕ್ಕೆ, ಆ ಏರಿ ಹಿಂದಿನ ಏಜೆಂಟರ ಕಾಲದಲ್ಲಿ ದುರಸ್ತಿಯಾದದ್ದು ಎಂಬುದಷ್ಟೇ ಅದರ ತಾತ್ಪರ್ಯ. ಅಂದರೆ ಟೇಲರ್ ಕೆರೆಯನ್ನು ಕಟ್ಟಿಸಿದವನಲ್ಲ, ಒಡೆದಿದ್ದ ಏರಿಯನ್ನು ನಿಲ್ಲಿಸಿದವನು. ಟೇಲರನಿಗೂ ಮುಂಚಿನ, ನಾಯಕರ ಕಾಲದ ಬೋನಾಳ ಕೆರೆಯನ್ನು ನೋಡಿದವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು.

ಲಂಡನ್ನಿನ ಮಾತನಾಡಿದ್ದ ಮಿತ್ರರು ನಕಲನ್ನು ಎರಡು ಸಲ ಓದಿ, ಹೆಸರುಗಳ ಪಟ್ಟಿ ಕೇಳಿದರು, ಅರ್ಧ ಕೊಟ್ಟಿದ್ದೇನೆ. ಊರಿನಲ್ಲಿ ಕೆರೆಕಟ್ಟೆಯ ಮೇಲೆ ಕುಳಿತು ಓದಿ ಹೇಳಿದಾಗ ನಮ್ಮ ಕಾಕಾ ಒಬ್ಬರು ಬಹಳ ಹೊತ್ತು ಸುಮ್ಮನಿದ್ದು, "ಅಷ್ಟು ರೊಕ್ಕಾ ಖರ್ಚ್ ಮಾಡಿ ರಿಪೇರಿ ಅಂತ ತಂದ್ಯೇನಪಾ? ಕಟ್ಟಿಸ್ದವ್ರು ಯಾರು ಅಂತ ತಾ" ಎಂದರು. ಮುಂದಿನ ತಿಂಗಳು ಮತ್ತೆ ಹೈದರಾಬಾದಿಗೆ ಹೊರಟಿದ್ದೇನೆ.