ಉರಿ ಬೇಸಿಗೆಯಲ್ಲಿ ಟೊಮೆಟೊ ಗಿಡಕ್ಕೆ ನೀರು, ಗೊಬ್ಬರ

ರಾಯಚೂರು, ಕಲಬುರಗಿ, ಬಳ್ಳಾರಿ ಕಡೆ ಏಪ್ರಿಲ್ ಬಂತೆಂದರೆ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಮಧ್ಯಾಹ್ನದ ಹೊತ್ತಿಗೆ ಟೊಮೆಟೊ ಎಲೆಗಳು ಅಂಚು ಮಡಚಿಕೊಂಡು ಜೋತುಬೀಳುತ್ತವೆ. ಅದನ್ನು ನೋಡಿ ಚೊಂಬು ಹಿಡಿದು ಓಡುವವರೇ ಹೆಚ್ಚು. ಓಡಬೇಡಿ. ಬೇರು ಎಳೆದುಕೊಳ್ಳುವುದಕ್ಕಿಂತ ಬೇಗ ಎಲೆಯಿಂದ ನೀರು ಆರುವಾಗ ಗಿಡ ತಾನಾಗಿಯೇ ಮುದುಡಿಕೊಳ್ಳುತ್ತದೆ. ಸಂಜೆ ಆರಕ್ಕೆ ಎಲೆ ಬಿಚ್ಚಿಕೊಂಡಿದ್ದರೆ ಏನೂ ಆಗಿಲ್ಲ. ಮರುದಿನ ಬೆಳಿಗ್ಗೆಯೂ ಬಾಡಿಯೇ ಇದ್ದರೆ ಮಣ್ಣಿಗೆ ಎರಡು ಗೆಣ್ಣು ಆಳ ಬೆರಳು ಇಳಿಸಿ ನೋಡಿ. ಒಣಗಿದ್ದರೆ ನೀರು ಬೇಕು. ಮಣ್ಣು ಹಸಿಯಾಗಿದ್ದೂ ಗಿಡ ಬಾಡಿದ್ದರೆ ಬೇರು ಕೊಳೆತಿದೆ, ಇಲ್ಲವೇ ಸೊರಗು ರೋಗ ತಗುಲಿದೆ; ಆಗ ಇನ್ನೂ ನೀರು ಸುರಿದರೆ ಗಿಡ ಬೇಗ ಹೋಗುತ್ತದೆ.

ಹದಿನೈದು ಲೀಟರಿನ ಗ್ರೋ ಬ್ಯಾಗಿನಲ್ಲಿ ಕಾಯಿ ಕಚ್ಚಿರುವ ಗಿಡಕ್ಕೆ ಈ ಬಿಸಿಲಲ್ಲಿ ದಿನಕ್ಕೆ ಸುಮಾರು ಎರಡು ಲೀಟರ್ ನೀರು ಬೇಕು. ಬೆಳಿಗ್ಗೆ ಏಳರೊಳಗೆ ಒಂದೂವರೆ ಲೀಟರ್, ಬಿಸಿಲಿಳಿದ ಮೇಲೆ ಉಳಿದ ಅರ್ಧ ಲೀಟರ್. ಬ್ಯಾಗಿನ ತಳದಿಂದ ನೀರು ಸೋರಿತು, ಸಾಕಾಯಿತು ಎಂದುಕೊಳ್ಳುವುದು ದೊಡ್ಡ ಮೋಸ. ತೆಂಗಿನ ನಾರಿನ ಪುಡಿ ಹಾಕಿದ ಮಣ್ಣು ಒಮ್ಮೆ ಪೂರ್ತಿ ಒಣಗಿದರೆ ಕುಗ್ಗಿ ಬ್ಯಾಗಿನ ಗೋಡೆಯಿಂದ ಬಿಡಿಸಿಕೊಳ್ಳುತ್ತದೆ. ಹಾಕಿದ ನೀರೆಲ್ಲ ಆ ಸಂದಿಯಲ್ಲಿ ಜಾರಿ ತಳದಿಂದ ಹೊರಟುಹೋಗುತ್ತದೆ, ಬೇರಿನ ಗಡ್ಡೆ ಮಾತ್ರ ಒಣಗಿಯೇ ಇರುತ್ತದೆ. ಆದ್ದರಿಂದ ಮೊದಲು ಅರ್ಧ ಲೀಟರ್ ಹಾಕಿ, ಕಾಲು ಗಂಟೆ ಬಿಟ್ಟು ಉಳಿದದ್ದನ್ನು ಹಾಕಿ. ಅನುಮಾನವಿದ್ದರೆ ಬ್ಯಾಗು ಎತ್ತಿ ನೋಡಿ, ನೀರು ಹಿಡಿದಿದ್ದರೆ ಭಾರ ಗೊತ್ತಾಗುತ್ತದೆ. ಮಾಳಿಗೆ ಮೇಲೆ ಬಿಸಿಲಿಗೆ ಬಿದ್ದಿರುವ ಪೈಪಿನ ಮೊದಲ ನೀರು ಸ್ನಾನಕ್ಕೆ ಕಾಯಿಸಿದಂತಿರುತ್ತದೆ. ಅದನ್ನು ಬಕೆಟ್ಟಿಗೆ ಬಿಟ್ಟು, ಕೈಗೆ ತಣ್ಣಗೆ ತಾಗಿದ ಮೇಲೆ ಗಿಡಕ್ಕೆ ತಿರುಗಿಸಿ.

ನೆಲದಲ್ಲಿ ನೆಟ್ಟಿದ್ದರೆ ಮಣ್ಣಿನ ಗುಣ ನೋಡಬೇಕು. ಮಸಾರಿ, ಅಂದರೆ ಕೆಂಪು ಮಣ್ಣಿನಲ್ಲಿ ನೀರು ಬೇಗ ಇಳಿಯುತ್ತದೆ, ದಿನ ಬಿಟ್ಟು ದಿನ ಗಿಡಕ್ಕೆ ನಾಲ್ಕು ಲೀಟರ್ ಹಾಕಿ. ಕಪ್ಪು ಎರೆ ಮಣ್ಣು ನಾಲ್ಕು ದಿನ ತಡೆಯುತ್ತದೆ, ಆದರೆ ಬಿರುಕು ಬಿಡಲು ಬಿಡಬಾರದು. ಬಿರುಕಿನ ಜೊತೆ ಎಳೆ ಬೇರೂ ಹರಿಯುತ್ತದೆ, ಮೇಲಿನಿಂದ ಹಾಕಿದ ನೀರು ಬಿರುಕಿನಲ್ಲೇ ಇಳಿದುಹೋಗುತ್ತದೆ. ಬುಡದಿಂದ ಎರಡು ಬೆರಳು ಜಾಗ ಬಿಟ್ಟು ಮೂರು ಇಂಚು ದಪ್ಪ ಒಣ ಎಲೆಯನ್ನೋ ಶೇಂಗಾ ಸಿಪ್ಪೆಯನ್ನೋ ಹರಡಿದರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ.

ಎರಡು ಮೂರು ದಿನ ಊರಿಗೆ ಹೋಗುವವರಿಗೆ ಗಡಿಗೆಯೇ ಗತಿ. ಐದು ಲೀಟರಿನ, ಬಣ್ಣ ಬಳಿಯದ ಮಣ್ಣಿನ ಗಡಿಗೆಯನ್ನು ಗಿಡದಿಂದ ಒಂದು ಗೇಣು ದೂರದಲ್ಲಿ ಹೂಳಿ. ಬಾಯಿ ಮಾತ್ರ ಒಂದಿಂಚು ಮೇಲಿರಲಿ. ತಳಕ್ಕೆ ತೂತು ಬೇಡ, ನೀರು ಮೈಯಿಂದಲೇ ಜಿನುಗುತ್ತದೆ. ಮುಚ್ಚಳ ಹಾಕದಿದ್ದರೆ ಸೊಳ್ಳೆ ಮೊಟ್ಟೆಯಿಡುತ್ತದೆ. ಸವಳು ನೀರಿನ ಊರುಗಳಲ್ಲಿ ಮೈಯ ರಂಧ್ರ ಉಪ್ಪಿನಿಂದ ಕಟ್ಟಿಕೊಂಡು ಜಿನುಗುವುದು ನಿಧಾನವಾಗುತ್ತದೆ. ಆಗ ಗಡಿಗೆ ತೆಗೆದು ನಾರಿನಿಂದ ಉಜ್ಜಿ ತೊಳೆಯಬೇಕು. ನೀರು ಶುದ್ಧೀಕರಣ ಯಂತ್ರದಿಂದ ಹೊರಬೀಳುವ ತ್ಯಾಜ್ಯ ನೀರನ್ನು ಉಳಿತಾಯವೆಂದು ಟೊಮೆಟೊಗೆ ಹಾಕುವವರಿದ್ದಾರೆ. ಬೋರ್‌ವೆಲ್ ನೀರಾದರೆ ಅದು ಇನ್ನಷ್ಟು ಉಪ್ಪಾಗಿರುತ್ತದೆ, ನೆಲ ಒರೆಸಲು ಬಳಸಿಕೊಳ್ಳಿ. ಮಣ್ಣಿನ ಮೇಲೆ ಬಿಳಿ ಪದರ ಕಟ್ಟಿ ಎಲೆಯಂಚು ಸುಟ್ಟಂತಾದರೆ, ಒಳ್ಳೆಯ ನೀರನ್ನು ತಳದಿಂದ ಚೆನ್ನಾಗಿ ಹರಿದುಹೋಗುವಷ್ಟು ಒಮ್ಮೆ ಹಾಕಿ ಉಪ್ಪು ತೊಳೆಯಿರಿ.

ಕಾಯಿಯ ತುದಿ ಕಪ್ಪಾಗಿ ಚರ್ಮದಂತೆ ಗುಳಿ ಬೀಳುವುದನ್ನು ಕಂಡು ಹುಳವೆಂದು ಔಷಧಿ ಹೊಡೆಯುತ್ತಾರೆ. ಹುಳವಲ್ಲ, ಕಾಯಿಗೆ ಸುಣ್ಣದಂಶ (ಕ್ಯಾಲ್ಸಿಯಂ) ತಲುಪಿಲ್ಲ. ಎರೆ ಮಣ್ಣಿನಲ್ಲಿ ಸುಣ್ಣಕ್ಕೆ ಬರವಿಲ್ಲ. ಆದರೆ ಅದು ನೀರಿನ ಜೊತೆಗೇ ಸಾಗಬೇಕು. ಎರಡು ದಿನ ಒಣಗಿಸಿ ಮೂರನೇ ದಿನ ಮುಳುಗಿಸಿದರೆ ಆ ಸಾಗಾಟ ನಿಲ್ಲುತ್ತದೆ. ಇಂಥಲ್ಲಿ ಮೊಟ್ಟೆ ಚಿಪ್ಪು ಪುಡಿ ಮಾಡಿ ಹಾಕಿದರೆ ಕರಗುವುದೇ ಇಲ್ಲ, ಮೆಗ್ನೀಸಿಯಂ ಇರುವ ಎಪ್ಸಮ್ ಉಪ್ಪು ಹಾಕಿದರೆ ಇದ್ದ ಸುಣ್ಣಕ್ಕೂ ಅಡ್ಡಿ. ಹಾಳಾದ ಕಾಯಿ ಕಿತ್ತು, ನೀರನ್ನು ಒಂದೇ ಹದಕ್ಕೆ ತನ್ನಿ, ಮುಂದಿನ ಗೊಂಚಲು ಸರಿಹೋಗುತ್ತದೆ. ಹಣ್ಣು ಸೀಳುವುದಕ್ಕೂ ಇದೇ ಏರುಪೇರು ಕಾರಣ.

ಗೊಬ್ಬರದಲ್ಲಿ ಬೇಸಿಗೆಗೆ ಕೈ ಬಿಗಿ ಹಿಡಿಯಿರಿ. ಹದಿನೈದು ದಿನಕ್ಕೊಮ್ಮೆ ಗಿಡಕ್ಕೆ ಎರಡು ಹಿಡಿ ಎರೆಹುಳು ಗೊಬ್ಬರವನ್ನು ಹೊದಿಕೆ ಸರಿಸಿ ಮಣ್ಣಿಗೆ ಬೆರೆಸಿ ಮತ್ತೆ ಮುಚ್ಚಿ. ನಡುವಿನ ವಾರದಲ್ಲಿ ಹಿಂಡಿ ನೀರು ಕೊಡಬಹುದು: ನೂರು ಗ್ರಾಂ ಶೇಂಗಾ ಹಿಂಡಿಯನ್ನು ಒಂದು ಲೀಟರ್ ನೀರಿನಲ್ಲಿ ಮೂರು ದಿನ ನೆರಳಲ್ಲಿಟ್ಟು, ಸೋಸಿ, ಹತ್ತು ಲೀಟರ್ ನೀರಿಗೆ ಸೇರಿಸಿ, ಗಿಡಕ್ಕೆ ಅರ್ಧ ಲೀಟರ್. ವಾಸನೆ ಬರುತ್ತದೆ, ಪಕ್ಕದ ಮನೆಯವರು ಬಟ್ಟೆ ಒಣಗಿಸುವ ಹೊತ್ತಿಗೆ ತೆರೆಯಬೇಡಿ. ಏನೇ ಕೊಟ್ಟರೂ ಮೊದಲು ಸಾದಾ ನೀರು, ಆಮೇಲೆ ಗೊಬ್ಬರ. ಒಣ ಮಣ್ಣಿಗೆ ನೇರ ಬಿದ್ದರೆ ಬೇರು ಸುಡುತ್ತದೆ. ಯೂರಿಯಾ ಹಾಕಿದ ಗಿಡ ಕಡುಹಸಿರಾಗಿ ಸೊಂಪಾಗಿ ಬೆಳೆಯುತ್ತದೆ, ಹೂವು ಮಾತ್ರ ಕಡಿಮೆ. ಒಲೆ ಬೂದಿ ಮಸಾರಿ ಮಣ್ಣಿಗೆ ತಿಂಗಳಿಗೊಂದು ಚಮಚ ಸರಿ, ಕ್ಷಾರವಿರುವ ಎರೆ ಮಣ್ಣಿಗೆ ಬೇಡ.

ಇಷ್ಟೆಲ್ಲ ಮಾಡಿಯೂ ಮೇ ತಿಂಗಳಲ್ಲಿ ಹೂವು ಉದುರಿದರೆ ಗೊಬ್ಬರ ಹೆಚ್ಚಿಸಬೇಡಿ. ಹಗಲು 35 ಡಿಗ್ರಿ ದಾಟಿ, ರಾತ್ರಿಯೂ ಸೆಕೆ ಆರದಿದ್ದರೆ ಪರಾಗ ಕೆಲಸ ಮಾಡುವುದಿಲ್ಲ. ಅರ್ಧ ನೆರಳು ಕೊಡುವ ಬಲೆ ಕಟ್ಟಿ, ಬೆಳಿಗ್ಗೆ ಎಂಟರ ಸುಮಾರಿಗೆ ಹೂಗೊಂಚಲಿನ ತೊಟ್ಟನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ. ಅಷ್ಟಿಷ್ಟು ಕಾಯಿ ಕಚ್ಚುತ್ತದೆ. ಜೂನಿನ ಮೊದಲ ಮಳೆ ಬಿದ್ದ ದಿನ ನೀರು ನಿಲ್ಲಿಸಿ, ಬಣ್ಣ ತಿರುಗಿದ ಹಣ್ಣುಗಳನ್ನೆಲ್ಲ ಸೀಳುವ ಮೊದಲೇ, ಅಂದೇ ಕೊಯ್ದುಬಿಡಿ.